ವಿದೇಶಿ ಅತಿಥಿಗೆ ನಮ್ಮ ರೀತಿ ರಿವಾಜು ತೋರಿಸುವುದು: ನನ್ನ ಅನುಭವ

ನಾನು ಮೈಸೂರಿನಲ್ಲಿ ಗೈಡ್. ನನ್ನ ಹತ್ತಿರ ಬರುವ ವಿದೇಶಿ ಅತಿಥಿಗಳು ಎಡಗೈಯಲ್ಲಿ ಕೊಡಬೇಡಿ, ಭುಜ ಮುಚ್ಚಿಕೊಳ್ಳಿ, ಕಾಲು ಚಾಚಬೇಡಿ ಅಂತ ಒಂದು ಪಟ್ಟಿ ಓದಿಕೊಂಡೇ ಬಂದಿರುತ್ತಾರೆ. ಪಟ್ಟಿ ತಪ್ಪಲ್ಲ. ಆದರೆ ಮಧ್ಯಾಹ್ನದೊಳಗೆ ಪಟ್ಟಿಯಲ್ಲಿಲ್ಲದ ಏನೋ ಒಂದು ಎದುರಾಗುತ್ತದೆ. ಆಗ ಹೆದರಿ, ಯಾರನ್ನೂ ಮಾತಾಡಿಸದೆ, ಕ್ಯಾಮೆರಾ ಹಿಡಿದು ದೂರ ನಿಂತುಬಿಡುತ್ತಾರೆ. ಅದಕ್ಕೇ ನಾನು ನಿಯಮ ಕಡಿಮೆ ಹೇಳುತ್ತೇನೆ, ಕಾರಣ ಜಾಸ್ತಿ ಹೇಳುತ್ತೇನೆ. ಜೊತೆಗೆ ಒಂದು ಉಪಾಯ ಹೇಳಿಕೊಡುತ್ತೇನೆ: ಎಲ್ಲಿಗೆ ಹೋದರೂ ಮೊದಲನೆಯವರಾಗಬೇಡಿ, ಎರಡನೆಯವರಾಗಿ ನಿಲ್ಲಿ. ಮುಂದಿನವರು ಏನು ಮಾಡುತ್ತಾರೋ ನೋಡಿ, ಅದನ್ನೇ ಮಾಡಿ.

ಮೊದಲ ಬೆಳಿಗ್ಗೆ ಅರಮನೆಗೆ ಹೋಗುವುದಿಲ್ಲ, ದೇವರಾಜ ಮಾರ್ಕೆಟ್‌ಗೆ ಹೋಗುತ್ತೇವೆ. ಹೂವಿನ ಸಾಲಿನಲ್ಲಿ ನಿಂತರೆ ಅರ್ಧ ಪಾಠ ಅಲ್ಲೇ ಆಗುತ್ತದೆ. ಮಲ್ಲಿಗೆ ರಾಶಿ ಕಂಡ ತಕ್ಷಣ ಹೊರಗಿನವರು ಒಂದು ಮಾಲೆ ಎತ್ತಿ ಮೂಗಿಗೆ ಹಿಡಿಯಲು ಹೋಗುತ್ತಾರೆ. ಅದು ಸಹಜ, ಹೂವು ಇರುವುದೇ ಅದಕ್ಕೆ ಅಂತ ಅವರ ಲೆಕ್ಕ. ನಾನು ಮೊದಲೇ ಹೇಳಿರುತ್ತೇನೆ. ಇದರಲ್ಲಿ ದೇವರಿಗೆ ಹೋಗುವ ಹೂವೂ ಇದೆ. ಮೂಸಿ ನೋಡಿದ ಹೂವನ್ನು ದೇವರಿಗೆ ಏರಿಸುವುದಿಲ್ಲ. ನೀವು ಅನುಭವಿಸಿಬಿಟ್ಟ ಮೇಲೆ ಅದು ನಿಮ್ಮದಾಯಿತು. ಬೇಕಾದರೆ ಒಂದು ಮೊಳ ಕೊಂಡುಕೊಂಡು ಎಷ್ಟು ಹೊತ್ತು ಬೇಕಾದರೂ ಮೂಸಿ. ಹೂವಿನಮ್ಮ ಮೊಣಕೈಯಿಂದ ಬೆರಳ ತುದಿವರೆಗೆ ದಾರ ಎಳೆದು ಅಳೆಯುವುದನ್ನು ನೋಡುತ್ತಾ ಅವರು ಮೈಮರೆಯುತ್ತಾರೆ. ಅಷ್ಟು ಬೆಳಿಗ್ಗೆ ಹೋದರೆ ನಮ್ಮದೇ ಬೋಣಿ. ಆಕೆ ಆ ನೋಟನ್ನು ಕಣ್ಣಿಗೆ ಒತ್ತಿಕೊಂಡು ಡಬ್ಬಿಗೆ ಹಾಕುತ್ತಾಳೆ. ಬೋಣಿ ಹೊತ್ತಿನಲ್ಲಿ ರೇಟು ಕೇಳಿ, ಚೌಕಾಸಿ ಮಾಡಿ, ಕೊಳ್ಳದೆ ಹೋದರೆ ವ್ಯಾಪಾರದವರಿಗೆ ಯಾಕೆ ಮನಸ್ಸು ಕೆಡುತ್ತದೆ ಅನ್ನುವುದು ಆಗ ಬಿಡಿಸಿ ಹೇಳದೆಯೇ ತಿಳಿಯುತ್ತದೆ.

ಹೂವಿನಿಂದ ಎಂಜಲಿಗೆ ಬರುವುದು ಸುಲಭ. ಬಾಯಿಗೆ ತಾಗಿದ್ದು ಇನ್ನೊಬ್ಬರಿಗೆ ಹೋಗಬಾರದು, ಇಷ್ಟೇ ವಿಷಯ. ಇದು ತಿಳಿದವರು ಬಾಟಲಿ ತುಟಿಗೆ ತಾಗಿಸದೆ ನೀರು ಎತ್ತಿ ಕುಡಿಯುವುದು ಯಾಕೆ, ತನ್ನ ತಟ್ಟೆಯ ದೋಸೆ ಮುರಿದು ಎದುರಿನವರಿಗೆ ಕೊಟ್ಟರೆ ಅವರು ಯಾಕೆ ತಡವರಿಸುತ್ತಾರೆ, ಉಂಡ ಕೈಯಲ್ಲಿ ಬಡಿಸುವ ಸೌಟು ಯಾಕೆ ಮುಟ್ಟಬಾರದು, ಎಲ್ಲವನ್ನೂ ತಾವೇ ಜೋಡಿಸಿಕೊಳ್ಳುತ್ತಾರೆ. ಬಲಗೈ ಊಟಕ್ಕೆ, ಎಡಗೈ ಶೌಚಕ್ಕೆ ಅನ್ನುವುದನ್ನೂ ನೇರವಾಗಿ ಹೇಳುತ್ತೇನೆ. ದುಡ್ಡು ಕೊಡುವುದು, ಪ್ರಸಾದ ತೆಗೆದುಕೊಳ್ಳುವುದು ಬಲಗೈಯಲ್ಲಿ. ಎಡಗೈಯವರಿದ್ದರೆ ಬರೆಯಲಿ, ಬ್ಯಾಗ್ ಹಿಡಿಯಲಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಇಲ್ಲೇ ಇನ್ನೊಂದು ಮಾತನ್ನೂ ಹೇಳಲೇಬೇಕು. ಮುಟ್ಟುವುದು, ಮುಟ್ಟದಿರುವುದು ಅನ್ನುವ ಇದೇ ಯೋಚನೆಯನ್ನು ಹಿಡಿದು ನಮ್ಮಲ್ಲಿ ಮನುಷ್ಯರನ್ನೇ ದೂರ ಇಟ್ಟಿದ್ದಾರೆ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ, ಆಚರಿಸಿದರೆ ಶಿಕ್ಷೆ ಇದೆ. ಆದರೂ ಅದು ಪೂರ್ತಿ ಹೋಗಿಲ್ಲ. ಅತಿಥಿಗಳು ಕೇಳಿದಾಗ ಇದನ್ನು ಮುಚ್ಚಿಟ್ಟರೆ ಉಳಿದದ್ದನ್ನೂ ಅವರು ನಂಬುವುದಿಲ್ಲ, ನಂಬಲೂಬಾರದು.

ಇನ್ನು ಕಾಲಿನ ವಿಷಯ. ಸಿಟಿ ಬಸ್ಸಿನಲ್ಲಿ ಯಾರದಾದರೂ ಕಾಲು ಅತಿಥಿಯ ಕಾಲಿಗೆ ತಾಗುತ್ತದೆ. ತಕ್ಷಣ ಅವರು ಬಗ್ಗಿ ಅತಿಥಿಯನ್ನು ಮುಟ್ಟಿ, ಆ ಕೈಯನ್ನು ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಗೊತ್ತಿಲ್ಲದವರು ಬೆಚ್ಚಿಬೀಳುತ್ತಾರೆ. ಗೊತ್ತಿದ್ದವರು ನಕ್ಕು ತಲೆಯಾಡಿಸುತ್ತಾರೆ. ಅಷ್ಟಾದರೆ ಸಾಕು, ಪಕ್ಕದವರ ಜೊತೆ ಮಾತು ಶುರುವಾಗಿರುತ್ತದೆ. ಕಾಲು ಕೆಳಗಿನದು, ತಲೆ ಮೇಲಿನದು. ಹಾಗಾಗಿ ಪುಸ್ತಕ ದಾಟುವುದಿಲ್ಲ, ಹೊಸಿಲು ತುಳಿಯುವುದಿಲ್ಲ, ದೇವರ ಕಡೆ ಕಾಲು ಚಾಚುವುದಿಲ್ಲ, ಚಪ್ಪಲಿ ಹೊರಗೆ ಬಿಡುತ್ತೇವೆ. ಶ್ರವಣಬೆಳಗೊಳದಲ್ಲಿ ವಿಂಧ್ಯಗಿರಿಯ 600ಕ್ಕೂ ಹೆಚ್ಚು ಮೆಟ್ಟಿಲನ್ನು ಬರಿಗಾಲಲ್ಲಿ ಹತ್ತಬೇಕು. ಬಿಸಿಲೇರಿದ ಮೇಲೆ ಆ ಬಂಡೆ ಕಾದ ಹೆಂಚು. ಬೆಳಿಗ್ಗೆ ಬೇಗ ಹೋಗಿ, ಕಾಲುಚೀಲ ಇಟ್ಟುಕೊಂಡಿರಿ ಅನ್ನುತ್ತೇನೆ. ಮೇಲಿರುವ ಬಾಹುಬಲಿ ಯಾಕೆ ದಿಗಂಬರ ಅನ್ನುವುದನ್ನು ಮಾತ್ರ ಕೆಳಗೇ ಹೇಳಿಬಿಡುತ್ತೇನೆ. ಗೆದ್ದ ರಾಜ್ಯವನ್ನೇ ಬಿಟ್ಟು ಹೋದವನಿಗೆ ಬಟ್ಟೆ ಯಾವ ಲೆಕ್ಕ ಅಂತ ತಿಳಿದು ಹತ್ತಿದವರು ಮೇಲೆ ಹೋಗಿ ಸುಮ್ನೆ ನಿಲ್ಲುತ್ತಾರೆ.

ದೇವಸ್ಥಾನದಲ್ಲಿ ಎರಡನೆಯವರಾಗಿ ನಿಲ್ಲುವ ಉಪಾಯ ಚೆನ್ನಾಗಿ ಕೆಲಸಕ್ಕೆ ಬರುತ್ತದೆ. ಮುಂದಿರುವ ಅಜ್ಜಿ ಮಂಗಳಾರತಿಗೆ ಎರಡೂ ಕೈ ಚಾಚಿ ಕಣ್ಣಿಗೆ ಒತ್ತಿಕೊಂಡರೆ ನೀವೂ ಹಾಗೇ ಮಾಡಿ. ತಟ್ಟೆಗೆ ಕಾಸು ಹಾಕುವುದು ನಿಮ್ಮಿಷ್ಟ, ಒತ್ತಾಯ ಏನೂ ಇಲ್ಲ. ತೀರ್ಥದ ನೀರು ಹೊಟ್ಟೆಗೆ ಒಗ್ಗುತ್ತದೋ ಇಲ್ಲವೋ ಅಂತ ಬಹಳ ಜನರಿಗೆ ಚಿಂತೆ. ಬಲಗೈಯಲ್ಲಿ ತೆಗೆದುಕೊಂಡು ಕಣ್ಣಿಗೆ, ತಲೆಗೆ ಸವರಿಕೊಳ್ಳಿ ಸಾಕು. ಕುಡಿಯಲಿಲ್ಲ ಅಂತ ಯಾರೂ ಬೇಸರಪಡುವುದಿಲ್ಲ, ಬೇಡ ಅಂತ ಕೈ ಹಿಂದಕ್ಕೆ ಎಳೆದರೆ ಮಾತ್ರ ಬೇಸರ. ಗರ್ಭಗುಡಿಯ ಫೋಟೋ ತೆಗೆಯಬೇಡಿ. ಧರ್ಮಸ್ಥಳದಲ್ಲಿ ಗಂಡಸರು ಅಂಗಿ ಬಿಚ್ಚಬೇಕು, ಮೈಸೂರಿನ ಚಾಮುಂಡಿ ಬೆಟ್ಟದಲ್ಲಿ ಹಾಗಿಲ್ಲ. ಬೈಲಕುಪ್ಪೆಯ ಟಿಬೆಟನ್ ಮಠದಲ್ಲಿ ಪ್ರಾರ್ಥನಾ ಚಕ್ರಗಳನ್ನು ಪ್ರದಕ್ಷಿಣೆಯ ದಿಕ್ಕಿನಲ್ಲೇ ತಿರುಗಿಸಬೇಕು. ಭಾರತದ ಪದ್ಧತಿ ಅಂತ ಒಂದೇ ಒಂದು ಇಲ್ಲ, ನೂರು ಕಿಲೋಮೀಟರಿಗೆ ಬದಲಾಗುತ್ತದೆ. ಇದನ್ನು ಅತಿಥಿಗಳಿಗೆ ಆಗಾಗ ನೆನಪಿಸುತ್ತಲೇ ಇರಬೇಕು.

ನನಗೆ ತುಂಬಾ ಇಷ್ಟವಾದದ್ದು ಮನೆ ಊಟ. ಟಿ. ನರಸೀಪುರದ ಹತ್ತಿರ ನಮ್ಮ ಅಕ್ಕನ ಮನೆ ಇದೆ. ಸಣ್ಣ ಗುಂಪು ಬಂದರೆ ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ಬಾಳೆಲೆಯ ತುದಿ ಎಡಕ್ಕೆ ಬರುವ ಹಾಗೆ ಹಾಕುತ್ತಾರೆ. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಒಂದೊಂದಾಗಿ ಬರುತ್ತವೆ. ಎಲ್ಲರಿಗೂ ಬಡಿಸುವವರೆಗೆ ಕೈ ಹಾಕಬೇಡಿ, ಎಲ್ಲರದೂ ಮುಗಿಯುವವರೆಗೆ ಏಳಬೇಡಿ. ಬೆರಳ ತುದಿಯಲ್ಲಿ ಕಲಸಿ, ಹೆಬ್ಬೆರಳಿನಿಂದ ಬಾಯಿಗೆ ತಳ್ಳಿ. ಇಷ್ಟನ್ನು ಕಾರಿನಲ್ಲೇ ಹೇಳಿರುತ್ತೇನೆ. ಎಲ್ಲಕ್ಕಿಂತ ಮುಖ್ಯವಾದ ಸಲಹೆ ಬೇರೆ: ಮೊದಲ ಸುತ್ತಿನಲ್ಲಿ ಸ್ವಲ್ಪವೇ ಹಾಕಿಸಿಕೊಳ್ಳಿ, ಎರಡನೇ ಸುತ್ತಿಗೆ ಹೊಟ್ಟೆಯಲ್ಲಿ ಜಾಗ ಇಡಿ. ನಮ್ಮ ಕಡೆ ಪ್ರೀತಿ ಕಾಣುವುದು ಎರಡನೇ ಸಲ ಬಡಿಸುವಾಗ. ಅಕ್ಕ ಹುಳಿ ಪಾತ್ರೆ ಹಿಡಿದು ಬಂದು "ಇನ್ನೊಂಚೂರು ಹಾಕ್ಲಾ?" ಅಂದಾಗ ಎಲೆ ಖಾಲಿ ಇದ್ದು, ಅತಿಥಿ ಹೂಂ ಅಂದರೆ ಆಕೆಯ ಮುಖ ಅರಳುತ್ತದೆ. ಮೊದಲೇ ಹೊಟ್ಟೆ ಬಿರಿಯೆ ತಿಂದು, ಆಮೇಲೆ ಎಲೆ ಮೇಲೆ ಎರಡೂ ಕೈ ಅಡ್ಡ ಹಿಡಿದರೆ ಇಬ್ಬರಿಗೂ ಕಷ್ಟ. ಬಡಿಸಿದಾಗಲೆಲ್ಲ ಥ್ಯಾಂಕ್ಸ್ ಹೇಳಬೇಕಾಗಿಲ್ಲ. ಚೆನ್ನಾಗಿದೆ ಅಂತ ಒಂದು ಸಲ ಹೇಳಿ, ಚೆನ್ನಾಗಿ ಉಣ್ಣಿ. ತಂದ ಉಡುಗೊರೆಯನ್ನು ಅಕ್ಕ ಬಿಚ್ಚದೆ ಒಳಗಿಟ್ಟರೆ ಇಷ್ಟವಾಗಲಿಲ್ಲ ಅಂತ ತಿಳಿಯಬೇಡಿ. ಕೊಟ್ಟವರ ಎದುರಿಗೇ ಬಿಚ್ಚುವುದು ಆಸೆಬುರುಕತನ ಅಂತ ನಾವು ಬೆಳೆದವರು.

ಹೊರಡುವ ಹೊತ್ತಿಗೆ ಅಕ್ಕ ಅರಿಶಿನ ಕುಂಕುಮದ ತಟ್ಟೆ ತರುತ್ತಾಳೆ. ಇಲ್ಲೂ ಪಕ್ಕದ ಮನೆಯವರೊಬ್ಬರನ್ನು ಮೊದಲು ಕೂರಿಸಿರುತ್ತೇನೆ. ಅವರು ಉಂಗುರದ ಬೆರಳಲ್ಲಿ ಅರಿಶಿನ ತೆಗೆದು ಕೆನ್ನೆಗೆ, ಕುಂಕುಮ ತೆಗೆದು ಹಣೆಗೆ ಇಟ್ಟುಕೊಳ್ಳುತ್ತಾರೆ. ಆಮೇಲೆ ಸೆರಗು ಒಡ್ಡಿ ಎಲೆ ಅಡಿಕೆ, ತೆಂಗಿನಕಾಯಿ, ರವಿಕೆ ಕಣ ಹಾಕಿಸಿಕೊಳ್ಳುತ್ತಾರೆ. ಅತಿಥಿ ಹೆಂಗಸರು ಅದನ್ನೇ ನೋಡಿಕೊಂಡು ದುಪಟ್ಟಾ ಒಡ್ಡುತ್ತಾರೆ. ಒಮ್ಮೆ ಒಬ್ಬ ಜರ್ಮನ್ ಹೆಂಗಸು, ಬಾಗಿಲ ಹತ್ತಿರ ನಿಂತಿದ್ದ ಅಜ್ಜಿಗೆ ಯಾಕೆ ಕೊಡಲಿಲ್ಲ ಅಂತ ಕೇಳಿದರು. ಆ ಅಜ್ಜಿಗೆ ಗಂಡ ಇಲ್ಲ, ಹಲವು ಮನೆಗಳಲ್ಲಿ ವಿಧವೆಯರಿಗೆ ಕೊಡುವುದಿಲ್ಲ ಅಂದೆ. ಇದು ನನಗೆ ಸರಿ ಕಾಣುವುದಿಲ್ಲ, ಕೆಲವು ಮನೆಗಳಲ್ಲಿ ಈಗ ಕೊಡುತ್ತಾರೆ ಅಂತಲೂ ಹೇಳಿದೆ. ಅಕ್ಕ ಆ ದಿನ ಅಜ್ಜಿಗೂ ಹೂವು ಕೊಟ್ಟಳು. ಅಜ್ಜಿ ಅದನ್ನು ಮುಡಿಯಲಿಲ್ಲ, ದೇವರ ಮುಂದೆ ಇಟ್ಟರು.

ಮದುವೆ ಆಗಿದೆಯಾ, ಮಕ್ಕಳೆಷ್ಟು, ಸಂಬಳ ಎಷ್ಟು ಅಂತ ರೈಲಿನಲ್ಲಿ ಕೇಳುವುದರ ಬಗ್ಗೆ ಎಲ್ಲರೂ ಕೇಳುತ್ತಾರೆ. ಅದು ಪರಿಚಯ ಮಾಡಿಕೊಳ್ಳುವ ರೀತಿ, ಉತ್ತರ ಕೊಡಲೇಬೇಕು ಅಂತಿಲ್ಲ. ತಿರುಗಿ ಅವರ ಮಕ್ಕಳ ಬಗ್ಗೆ ಕೇಳಿದರೆ ಮಾತು ಅತ್ತ ಹೊರಳುತ್ತದೆ. ದಾರಿ ಕೇಳುವಾಗ "ಅರಮನೆಗೆ ಇದೇ ದಾರಿನಾ?" ಅನ್ನಬೇಡಿ, "ಅರಮನೆ ಎಲ್ಲಿ?" ಅನ್ನಿ. ಬಂದವರಿಗೆ ಇಲ್ಲ ಅನ್ನಲು ನಮ್ಮವರಿಗೆ ಮನಸ್ಸು ಬರುವುದಿಲ್ಲ. ಮೊದಲನೆಯದಕ್ಕೆ ಹೂಂ ಅಂದುಬಿಡುತ್ತಾರೆ, ಎರಡನೆಯದಕ್ಕೆ ಗೊತ್ತಿದ್ದರೆ ಕೈ ತೋರಿಸುತ್ತಾರೆ.

ಹೋಟೆಲಿನಲ್ಲಿ ಪಾಸ್‌ಪೋರ್ಟ್ ಕೇಳುವುದು ಅನುಮಾನದಿಂದಲ್ಲ. ವಿದೇಶಿಯರು ಉಳಿದುಕೊಂಡರೆ 24 ಗಂಟೆಯೊಳಗೆ ಅವರ ವಿವರವನ್ನು ಸರ್ಕಾರಕ್ಕೆ ಕಳಿಸಬೇಕೆಂಬ ನಿಯಮ ಇದೆ. ನೆಂಟರೆಂದು ಮನೆಯಲ್ಲಿ ಉಳಿಸಿಕೊಂಡವರಿಗೂ ಇದು ಅನ್ವಯ. ಹಂಪಿಯ ವಿಠ್ಠಲ ದೇವಸ್ಥಾನದಲ್ಲಿ ನಮಗೆ 40 ರೂಪಾಯಿ, ಅವರಿಗೆ 600 ಯಾಕೆ ಅಂತ ಕೇಳಿದರೆ, ಅದು ಸರ್ಕಾರ ಇಟ್ಟಿರುವ ದರ, ಬೋರ್ಡ್ ನೋಡಿ ಅನ್ನುತ್ತೇನೆ. ಮೋಸ ಅಲ್ಲ ಅಂತ ಗೊತ್ತಾದರೆ ಸಾಕು.

ಕಡೆಯದಾಗಿ, ಎಲ್ಲವೂ ಸಂಸ್ಕೃತಿಯಲ್ಲ. ಹೆಣ್ಣುಮಕ್ಕಳನ್ನು ಸುತ್ತುವರಿದು ಸೆಲ್ಫಿಗೆ ಪೀಡಿಸುವುದು, ಹೆಗಲ ಮೇಲೆ ಕೈ ಹಾಕುವುದು, ಹಿಂದೆ ಬೀಳುವುದು, ಇವು ನಮ್ಮಲ್ಲೂ ಕೆಟ್ಟ ನಡತೆಯೇ. ಮನಸ್ಸು ನೋಯಿಸಬಾರದು ಅಂತ ಅತಿಥಿಗಳು ಸಹಿಸಿಕೊಂಡು ನಿಲ್ಲುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. "ಬೇಡ" ಅಂತ ಜೋರಾಗಿ ಹೇಳುವುದನ್ನು ಮೊದಲ ದಿನವೇ ಕಲಿಸುತ್ತೇನೆ. ನಗುತ್ತಾ ಅಲ್ಲ, ಗಟ್ಟಿಯಾಗಿ. ಹತ್ತಿರ ಯಾರಾದರೂ ವಯಸ್ಸಾದ ಹೆಂಗಸರಿದ್ದರೆ ಅವರ ಪಕ್ಕ ಹೋಗಿ ನಿಲ್ಲಿ, ಅವರೇ ಗದರಿಸಿ ಓಡಿಸುತ್ತಾರೆ. ಪ್ರವಾಸಿಗರ ಸಹಾಯವಾಣಿ 1363, ತುರ್ತಿಗೆ 112. ಈ ಎರಡು ನಂಬರನ್ನು ನನ್ನ ಎದುರಿಗೇ ಫೋನಿನಲ್ಲಿ ಸೇವ್ ಮಾಡಿಸಿ, ಆಮೇಲೆ ಮಾರ್ಕೆಟ್ ಕಡೆ ಹೊರಡುತ್ತೇನೆ.