ಮನೆಯಿಂದ ದೂರ, ನೆಲಕ್ಕೆ ಹತ್ರ: ನನ್ನ ಶಾರ್ಟ್‌ವೇವ್ ಆಂಟೆನಾ ಅನುಭವ

ಆಂಟೆನಾ ಎತ್ತರ ಇರ್ಬೇಕು, ಉದ್ದ ಇರ್ಬೇಕು ಅಂತ ಎಲ್ರೂ ಹೇಳ್ತಾರೆ, ನಾನು ಎರಡನ್ನೂ ಕಮ್ಮಿ ಮಾಡ್ತೀನಿ ಅಂದಾಗ ಯಾರೂ ಒಪ್ಲಿಲ್ಲ. ಈಗ ಅವ್ರೇ ಕೂತು ಕೇಳಿಸ್ಕೊಂಡು ಹೋಗ್ತಿದಾರೆ, ಹಂಗಾಗಿ ಬರೀತಿದೀನಿ.

ಮೊದ್ಲು ಟೆರೇಸ್ ಮೇಲೆ 25 ಮೀಟರ್ ಆಸುಪಾಸಿನ ರಾಂಡಮ್ ವೈರ್, ರೆಡಿಮೇಡ್ 9:1 ಬಾಲನ್ (ವೈರನ್ನ ಕೇಬಲ್ಲಿಗೆ ಹೊಂದಿಸೋ ಪುಟ್ಟ ಟ್ರಾನ್ಸ್‌ಫಾರ್ಮರ್), ಅಲ್ಲಿಂದ ರೇಡಿಯೋ ತನಕ ಆರ್‌ಜಿ-58 ಕೇಬಲ್. ಎಸ್ ಮೀಟರ್, ಅಂದ್ರೆ ಸಿಗ್ನಲ್ ಬಲ ತೋರಿಸೋ ಮೀಟರ್, ಚೆನ್ನಾಗೇ ಮೇಲೆ ಹೋಯ್ತು, ಆದ್ರೆ 49 ಮೀಟರ್ ಬ್ಯಾಂಡಲ್ಲಿ (ಇಲ್ಲಿ ಮೀಟರ್ ಅಂದ್ರೆ ಅಲೆಯ ಉದ್ದ) ಎಸ್7 ತನಕ ಬರೀ ಗೊರ್ ಅನ್ನೋ ಸದ್ದು, ಸ್ಟೇಷನ್ ಎಲ್ಲಾ ಅದರ ಕೆಳಗೆ. ಆಮೇಲೆ ಆಕ್ಟಿವ್ ವಿಪ್ (ಆಂಪ್ಲಿಫೈಯರ್ ಇರೋ ಗಿಡ್ಡ ಕಡ್ಡಿ ಆಂಟೆನಾ) ತಗೊಂಡೆ, ಜಾಸ್ತಿ ದುಡ್ಡು ಹೋಗಿದ್ದು ಅದಕ್ಕೇ, ಅದು ಸಿಗ್ನಲ್ ಜೊತೆ ಗಲಾಟೆನೂ ಎತ್ತಿಕೊಡ್ತು. ಅರ್ಧ ರೇಟಿಗೆ ಮಾರಿದೆ.

ದಾರಿ ಸಿಕ್ಕಿದ್ದು ರೇಡಿಯೋನ ಬ್ಯಾಟರಿ ಮೇಲೆ ಹಾಕಿ ಮನೆ ಮೇನ್ ಸ್ವಿಚ್ ಆಫ್ ಮಾಡಿದಾಗ. ಬ್ಯಾಂಡ್ ಪೂರ್ತಿ ತಣ್ಣಗಾಯ್ತು! ಎಲ್‌ಇಡಿ ಡ್ರೈವರ್, ಚಾರ್ಜರ್, ರೂಟರ್ ಅಡಾಪ್ಟರ್ ಎಲ್ಲಾ ಸೇರಿ ಮಾಡ್ತಿದ್ದ ಕೆಲಸ ಅದು. ಅದರಲ್ಲೂ ಬಹುಪಾಲು ವೈರಿಂದ ಬರ್ತಿರ್ಲಿಲ್ಲ, ಕೇಬಲ್ಲಿನ ಹೊರಗಿನ ಜಾಲರಿ ಮೇಲೆ ಹರಿದು ಬಾಲನ್ ತನಕ ಹೋಗಿ ವಾಪಸ್ ಒಳಗೆ ನುಗ್ತಿತ್ತು.

ಈಗಿರೋದು 12-13 ಮೀಟರ್ ವೈರು, ಎತ್ತರ ಮೂರು ಮೀಟರೂ ಇರಲ್ವೇನೋ, ಕಾಂಪೌಂಡಿನ ಆ ತುದಿಯಲ್ಲಿ. ಟ್ರಾನ್ಸ್‌ಫಾರ್ಮರ್ ಬಾಲನ್ ಬದಲಿಗೆ ನಾನೇ ಸುತ್ತಿದ್ದು, 73 ಮಿಕ್ಸ್ (ಫೆರೈಟಿನ ಒಂದು ಬಗೆ) ಎರಡು ತೂತಿನ ಬೈನಾಕ್ಯುಲರ್ ಕೋರ್ ಮೇಲೆ, ಎರಡು ವೈಂಡಿಂಗ್ ಮಧ್ಯೆ ಕನೆಕ್ಷನ್ನೇ ಇಲ್ಲ, ಜೀವ ಇರೋದೇ ಇಲ್ಲಿ. ಸುತ್ತಿನ ಅನುಪಾತ ಮೂರಕ್ಕೆ ಒಂದು, ಸುತ್ತು ಎಷ್ಟು, ಯಾವುದರ ಮೇಲೆ ಯಾವುದು ಅನ್ನೋದು ನನ್ನ ಹತ್ರಾನೇ ಇರ್ಲಿ, ಸುತ್ತಿ ನೋಡಿದ್ರೆ ನಿಮಗೂ ಸಿಗುತ್ತೆ. ಅರ್ಥ್ ರಾಡ್ ವೈರಿನ ಬುಡದಲ್ಲೇ, ಮನೆ ಅರ್ಥಿಂಗಿಗೆ ಮಾತ್ರ ಸೇರಿಸ್ಬೇಡಿ, ಗಲಾಟೆನ ನಾವೇ ಕರೆದಂಗಾಗುತ್ತೆ. ಕೇಬಲ್ ಮಣ್ಣೊಳಗೆ, ರೇಡಿಯೋ ಹತ್ರ ಜಾಲರಿ ಮೇಲೆ ಹರಿಯೋದನ್ನ ತಡೆಯೋಕೆ 31 ಮಿಕ್ಸ್ ಫೆರೈಟ್ ರಿಂಗಿಗೆ ಒಂದು ಹತ್ತು ಹನ್ನೆರಡು ಸುತ್ತು. ವೈರು ಯಾವುದಾದ್ರೂ ನಡೆಯುತ್ತೆ, ದುಡ್ಡು ಹಾಕೋದಿದ್ರೆ ಈ ಫೆರೈಟಿಗೆ ಹಾಕಿ, ಅದೂ ಸರಿಯಾದ ಮಿಕ್ಸೇ ಅಂತ ಖಾತ್ರಿ ಮಾಡ್ಕೊಂಡು.

ಸಿಗ್ನಲ್ ಒಂದೆರಡು ಎಸ್ ಯೂನಿಟ್ ಇಳೀತು, ನಿಜ. ಗಲಾಟೆ ಎಸ್7ರಿಂದ ಎಸ್2ಕ್ಕೆ ಇಳೀತು! 10 ಮೆಗಾಹರ್ಟ್ಸ್ ಟೈಮ್ ಸಿಗ್ನಲ್ ಟಿಕ್ ಟಿಕ್ ಬಿಡಿಬಿಡಿಯಾಗಿ ಕೇಳುತ್ತೆ, 31 ಮೀಟರಲ್ಲಿ ಎರಡು ದೊಡ್ಡ ಸ್ಟೇಷನ್ ಮಧ್ಯೆ ಸಿಕ್ಕಾಕೊಂಡಿರೋ ಸಣ್ಣದರ ಹೆಸರೂ ಹಿಡೀತೀನಿ. ಇಷ್ಟು ಕ್ಲೀನ್ ಬ್ಯಾಂಡ್ ನನಗೆ ಗೊತ್ತಿರೋ ಯಾರ ಮನೇಲೂ ಇಲ್ಲ.

ಮಧ್ಯದಲ್ಲಿ ಹುಲ್ಲಿನ ಮೇಲೆ 18 ಮೀಟರ್ ವೈರನ್ನ ಚೌಕವಾಗಿ ಹಾಸಿ ಲೂಪ್ ಆನ್ ಗ್ರೌಂಡ್ ಕೂಡ ನೋಡಿದೆ. 49, 41 ಮೀಟರಲ್ಲಿ ಇದಕ್ಕಿಂತಲೂ ಶಾಂತ, 19 ಮೀಟರಿಗೆ ಬಂದ್ರೆ ಕಿವುಡು. ಜಾಗ ಇಲ್ದೋರು ಖಂಡಿತ ಮಾಡಿ. ಚಿಕ್ಕ ಪೋರ್ಟಬಲ್ ಇರೋರು ಮಾತ್ರ 2 ಮೆಗಾಹರ್ಟ್ಸ್ ಕೆಳಗಿಂದು ತಡೆಯೋ ಹೈಪಾಸ್ ಫಿಲ್ಟರ್ ಹಾಕ್ಕೊಳ್ಳಿ, ಇಲ್ಲಾಂದ್ರೆ ಹತ್ತಿರದ ಮೀಡಿಯಂವೇವ್ ಸ್ಟೇಷನ್ ಶಾರ್ಟ್‌ವೇವ್ ತುಂಬಾ ಹಾಡ್ತಿರುತ್ತೆ. ಗುಡುಗಿನ ಸೂಚನೆ ಬಂದ್ರೆ ಕೇಬಲ್ ಕಿತ್ತು ಗೋಡೆಯಿಂದ ಆಚೆನೇ ಬಿಡಿ, ಸಿಡಿಲಿಂದ ಕಾಪಾಡೋ ಅರೆಸ್ಟರ್ ಇದೆ ಅಂತ ಧೈರ್ಯ ಬೇಡ.