ಹಾಡಿನ ಸಾಲು ಎರಡರ್ಥ ಕೊಟ್ಟರೆ
ಕಾಸರಗೋಡಿನ ಭಜನಾ ಮಂಡಳಿಯವರಿಗೆ: ಅರ್ಥ ಗೊಂದಲವಾದರೆ ಮೊದಲು ತಾಳ ಬಿಟ್ಟು, ಮಾತಾಡಿದ ಹಾಗೆ ಓದಿ. ತಾಳದ ಪೆಟ್ಟು ಪದವನ್ನು ನಡುವೆಯೇ ತುಂಡು ಮಾಡಿಬಿಡುತ್ತದೆ. ಆಮೇಲೆ ಸಂಧಿ ಬಿಡಿಸಿ ಬರೆಯಿರಿ.

ಪುರಂದರದಾಸರ ‘ರಾಗಿ ತಂದೀರಾ’ ನೋಡಿ. ಪಲ್ಲವಿಯಲ್ಲಿ ರಾಗಿ ಭಿಕ್ಷೆಯ ಧಾನ್ಯ. ‘ಯೋಗ್ಯರಾಗಿ’ ಬಂದಾಗ ಅದೇ ಸದ್ದು ಯೋಗ್ಯರು ಆಗಿ ಎಂದಾಗುತ್ತದೆ. ‘ಯೋಗ್ಯ’ ಎಂದು ತಡೆದು ‘ರಾಗಿ’ ಹಾಡಿದರೆ ಧಾನ್ಯ ಕೇಳುತ್ತದೆ, ಒಂದೇ ಉಸಿರಿಗೆ ಹಾಡಿದರೆ ಉಪದೇಶ. ಶ್ಲೇಷೆ ಬೇಕೆಂದೇ ಇಟ್ಟದ್ದು. ಯಾವುದು ಸರಿ ಎಂಬ ಜಗಳ ದಂಡ.

ಹಳೆಯ ಪದಗಳಿಗೆ ನಮ್ಮ ಮಲಯಾಳವೂ ಆಗಿಬರುತ್ತದೆ. ‘ಅವಸರ’ ಈಗಿನ ಕನ್ನಡದಲ್ಲಿ ಗಡಿಬಿಡಿ. ಮಲಯಾಳದಲ್ಲಿ ಅವಕಾಶ, ಹಳೆ ಕನ್ನಡದಲ್ಲೂ ಸಂದರ್ಭ. ‘ಕಳಿ’ಯಲ್ಲಿ ಮಾತ್ರ ಜಾಗ್ರತೆ: ಮಲಯಾಳದಲ್ಲಿ ಆಟ, ಕನ್ನಡದಲ್ಲಿ ಹಣ್ಣು ಅತಿಯಾಗಿ ಮಾಗುವುದು.