ನೋಡ್‌ನ ಹತ್ತಿರ-ದೂರವನ್ನು ಕರ್ನಲ್ ಬಾಯಿಂದ ಹೇಳಿಸಿದ್ದು

ಪುಣೆಯ ಹಿಂಜವಡಿಯಿಂದ ವಾಕಡ್‌ಗೆ ಇಷ್ಟು ಕಿಲೋಮೀಟರ್ ಎಂದರೆ, ಸಂಜೆ ಏಳಕ್ಕೆ ಆಫೀಸು ಬಿಡುವವನಿಗೆ ಏನೂ ಹೇಳಿದಂತಾಗುವುದಿಲ್ಲ. ದೊಡ್ಡ ಕಂಪ್ಯೂಟರ್‌ಗಳಲ್ಲಿ ಸಿಪಿಯು, ಮೆಮೊರಿಗಳನ್ನು ನೋಡ್ ಎಂಬ ಗುಂಪುಗಳಾಗಿ ಹಂಚಿರುತ್ತಾರೆ. ಯಾವ ನೋಡ್ ಯಾವುದಕ್ಕೆ ಎಷ್ಟು ದೂರ ಎಂದು ಫರ್ಮ್‌ವೇರ್ ಕೊಡುವ ಸ್ಲಿಟ್ ಟೇಬಲ್ ಹೇಳುವುದೂ ಅಷ್ಟೇ: ತನ್ನದೇ ನೋಡ್‌ಗೆ 10, ದೂರದ್ದಕ್ಕೆ 20ರಂಥ ಒಂದು ಸಂಖ್ಯೆ, ತಲುಪಲಾಗದ್ದಕ್ಕೆ 255. ಎಷ್ಟು ನ್ಯಾನೊಸೆಕೆಂಡ್, ಸೆಕೆಂಡಿಗೆ ಎಷ್ಟು ಎಂಬಿ ಎಂಬುದು ಅದರಲ್ಲಿ ಸಿಗದು. ಅದಕ್ಕೆಂದೇ, ಫರ್ಮ್‌ವೇರ್ ಆಪರೇಟಿಂಗ್ ಸಿಸ್ಟಮ್‌ಗೆ ಹಾರ್ಡ್‌ವೇರ್ ವಿವರ ಕೊಡುವ ಮಾನದಂಡವಾದ ಎಸಿಪಿಐನ 6.2ರಲ್ಲಿ ಎಚ್‌ಮ್ಯಾಟ್ ಟೇಬಲ್ ಬಂತು. ಲಿನಕ್ಸ್ 5.2ರಿಂದ ಕರ್ನಲ್ ಅದನ್ನು ಓದಿ ಸಿಸ್‌ಎಫ್‌ಎಸ್‌ನಲ್ಲಿ, ಅಂದರೆ ಕರ್ನಲ್ ಮಾಹಿತಿಯನ್ನು ಫೈಲುಗಳಾಗಿ ಕೊಡುವ ಜಾಗದಲ್ಲಿ, ತೋರಿಸುತ್ತದೆ. ಕಾನ್ಫಿಗ್‌ನಲ್ಲಿ ಎಸಿಪಿಐ ಎಚ್‌ಮ್ಯಾಟ್ ಆಯ್ಕೆ ಆನ್ ಇರಬೇಕು.

ಪುಣೆಯ ಲ್ಯಾಬ್‌ನಲ್ಲಿ ಅಂಥ ಹಾರ್ಡ್‌ವೇರ್ ಇರಲಿಲ್ಲ. ವರ್ಚುವಲ್ ಯಂತ್ರ ನಡೆಸುವ ಕ್ಯೂಎಮು 5.0 ಅಥವಾ ಮುಂದಿನದು ಇದ್ದರೆ ಬೇಕಾಗಿಯೂ ಇಲ್ಲ. ಮಷೀನ್ ಆಯ್ಕೆಯಲ್ಲಿ ಎಚ್‌ಮ್ಯಾಟ್ ಆನ್ ಮಾಡಿ, 1 ಜಿಬಿಯ ಎರಡು ಮೆಮೊರಿ ಬ್ಯಾಕೆಂಡ್ ಕೊಟ್ಟೆ. ನೋಡ್ 0ಕ್ಕೆ ಸಿಪಿಯು. ನೋಡ್ 1ರಲ್ಲಿ ಬರೀ ಮೆಮೊರಿ, ಅದರ ಇನಿಶಿಯೇಟರ್ (ಆ ಮೆಮೊರಿಯನ್ನು ಓದಿ-ಬರೆಯುವ ಕಡೆಯ ನೋಡ್) 0. ಈ ಇನಿಶಿಯೇಟರ್ ಬಿಟ್ಟರೆ ಹಳೆಯ ಕ್ಯೂಎಮು ಆವೃತ್ತಿಗಳು ಶುರುವೇ ಆಗುತ್ತಿರಲಿಲ್ಲ. ನೋಡ್ 0, ನೋಡ್ 1ಕ್ಕೆ ಕ್ರಮವಾಗಿ ಲೇಟೆನ್ಸಿ (ತಲುಪಲು ಹಿಡಿಯುವ ಹೊತ್ತು) 100 ಮತ್ತು 300 ನ್ಯಾನೊಸೆಕೆಂಡ್, ಬ್ಯಾಂಡ್‌ವಿಡ್ತ್ (ಸೆಕೆಂಡಿಗೆ ಸಾಗುವ ಡೇಟಾ) 20ಜಿ ಮತ್ತು 5ಜಿ ಬರೆದೆ. ಬ್ಯಾಂಡ್‌ವಿಡ್ತ್ 1 ಎಂಬಿಯ ಗುಣಕವಾಗಿರಬೇಕು.

ಬೂಟ್ ಆದಮೇಲೆ ಸಿಸ್‌ಎಫ್‌ಎಸ್‌ನಲ್ಲಿ ನೋಡ್1ರ ಆಕ್ಸೆಸ್0 ಫೋಲ್ಡರ್, ಅದರೊಳಗಿನ ಇನಿಶಿಯೇಟರ್ಸ್ ಫೋಲ್ಡರ್ ತೆರೆದು ನೋಡಿ: ನೋಡ್0ಕ್ಕೆ ಒಂದು ಲಿಂಕ್, ಓದು-ಬರಹ ಎರಡಕ್ಕೂ ಲೇಟೆನ್ಸಿ 300, ಬ್ಯಾಂಡ್‌ವಿಡ್ತ್ 5120 (ಎಂಬಿ ಲೆಕ್ಕದಲ್ಲಿ). ಇಲ್ಲೇ ಎಲ್ಲರೂ ಎಡವುವುದು. ಈ ಅಂಕಿ ಎಲ್ಲ ಸಿಪಿಯುಗಳಿಗೂ ಸೇರಿದ್ದಲ್ಲ. ಆ ಮೆಮೊರಿಗೆ ಅತ್ಯುತ್ತಮ ದಾರಿ ಇರುವ ಇನಿಶಿಯೇಟರ್‌ನ ಲೆಕ್ಕ ಮಾತ್ರ. ಪಕ್ಕದ ಸಾಕೆಟ್‌ನಿಂದ ಎಷ್ಟು ಎಂದು ಇಲ್ಲಿ ಕೇಳುವಂತಿಲ್ಲ. 8 ನೋಡ್ ಇದ್ದರೆ 64 ಜೋಡಿ, ಪ್ರತಿಯೊಂದಕ್ಕೂ ನಾಲ್ಕು ಅಂಕಿ. ಇಡೀ ಕೋಷ್ಟಕ ಸುರಿಯದಿದ್ದದ್ದೇ ಸರಿ ಅನ್ನುವವನು ನಾನು. ಇನಿಶಿಯೇಟರ್ ಆಗಿ ಸಿಪಿಯು ಅಲ್ಲದ ಸಾಧನವೂ ಬರಬಹುದು. ಸಿಪಿಯುಗಳದ್ದೇ ಬೇಕಿದ್ದರೆ ಆಕ್ಸೆಸ್1 ಓದಿ.

ನಿಜವಾದ ಯಂತ್ರದಲ್ಲಿ ಹತ್ತಿರದ್ದು, ದೂರದ್ದು ಎರಡಕ್ಕೂ ಲೇಟೆನ್ಸಿ 1 ಎಂದು ಬಂದರೆ ಫರ್ಮ್‌ವೇರ್ ಮೇಲೆ ಅನುಮಾನ ಪಡಿ. ಟೇಬಲ್‌ನ 2ನೇ ರಿವಿಷನ್‌ನಲ್ಲಿ ಲೇಟೆನ್ಸಿ ಪಿಕೊಸೆಕೆಂಡ್ ಲೆಕ್ಕದ್ದು. ಅಲ್ಲಿ ನ್ಯಾನೊಸೆಕೆಂಡ್ ಬರೆದಿಟ್ಟರೆ ಕರ್ನಲ್ 1000ದಿಂದ ಭಾಗಿಸಿ ಮೇಲಕ್ಕೆ ದುಂಡಾಗಿಸುತ್ತದೆ. 100 ಆದರೂ 300 ಆದರೂ 1. ಅಂಕಿ 0 ಬಂದರೆ ಬೇರೆ ಕಥೆ: ಟೇಬಲ್‌ನಲ್ಲಿ ಮಾಹಿತಿ ಇಲ್ಲ, ಇಲ್ಲವೇ ದಾರಿಯೇ ಇಲ್ಲ. ಎಸಿಪಿಐಡಂಪ್ ಎಂಬ ಉಪಕರಣದಿಂದ ಟೇಬಲ್ ತೆಗೆದು, ಐಎಎಸ್ಎಲ್ ಎಂಬುದರಲ್ಲಿ ಓದಬಲ್ಲ ಪಠ್ಯವಾಗಿ ಬಿಚ್ಚಿದರೆ ಎಲ್ಲ ಕಾಣುತ್ತದೆ. ಆದರೆ ಅಲ್ಲಿರುವುದು ಫರ್ಮ್‌ವೇರ್ ಗುಂಪುಗಳಿಗೆ ಕೊಟ್ಟ ಪ್ರಾಕ್ಸಿಮಿಟಿ ಡೊಮೇನ್ ಸಂಖ್ಯೆ, ಅದೇ ಲಿನಕ್ಸ್‌ನ ನೋಡ್ ಸಂಖ್ಯೆ ಆಗಿರಬೇಕೆಂದಿಲ್ಲ.

ನೋಡ್ ಆನ್‌ಲೈನ್ ಆಗುವವರೆಗೆ ಈ ಫೈಲುಗಳು ಹುಟ್ಟುವುದಿಲ್ಲ. ಡ್ಯಾಕ್ಸ್ ಸಾಧನವಾಗಿರುವ, ಅಂದರೆ ಸಾಮಾನ್ಯ ಮೆಮೊರಿಯಲ್ಲಿ ಸೇರದೆ ಪ್ರತ್ಯೇಕವಾಗಿ ನಿಂತಿರುವ ಮೆಮೊರಿಯನ್ನು ಡ್ಯಾಕ್ಸ್‌ಸಿಟಿಎಲ್ ಕಮಾಂಡಿನಿಂದ ಸಿಸ್ಟಮ್ ರ‍್ಯಾಮ್ ಮೋಡ್‌ಗೆ ಬದಲಿಸಿದ ಮೇಲಷ್ಟೇ ಕಾಣಿಸುತ್ತವೆ. ಬೂಟ್‌ನಲ್ಲೇ ಓಡುವ ಸ್ಕ್ರಿಪ್ಟ್ ಬರೆಯುವವರು, ಫೈಲು ಇಲ್ಲದಿದ್ದರೆ ಸ್ಲಿಟ್ ದೂರಕ್ಕೆ ಮರಳುವ ದಾರಿ ಇಟ್ಟುಕೊಳ್ಳಿ.